ಕೆಂದಳಿಲು ಕಾಣಬೇಕೆಂದರೆ

ಶನಿವಾರ ರಾತ್ರಿ ಮುಂಬೈಯ ಬೈಕುಲ್ಲಾದಲ್ಲಿ ಕರ್ಜತ್ ಲೋಕಲ್ ಹತ್ತುವ ಚಾರಣಿಗರಲ್ಲಿ ಹಲವರಿಗೆ ಒಂದೇ ಪ್ರಾಣಿಯ ಆಸೆ: ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರೂ, ಅಂದರೆ ನಮ್ಮ ಮಲೆನಾಡಿನ ಕೆಂದಳಿಲು. ಕರ್ಜತ್‌ನಿಂದ ಖಾಂಡಸ್ ಹಳ್ಳಿ, ಅಲ್ಲಿಂದ ಗಣೇಶ ಘಾಟು ಇಲ್ಲವೇ ಏಣಿಗಳಿರುವ ಶಿಡಿ ಘಾಟು ಹತ್ತಿದರೆ ಭೀಮಾಶಂಕರ. ಹಲವು ಸಲ ಹತ್ತಿ ಇಳಿದರೂ ಅದನ್ನು ಕಾಣದವರು ನನ್ನ ಗೆಳೆಯರಲ್ಲೇ ಇದ್ದಾರೆ. ಅಲ್ಲಿ ಅದು ಅಷ್ಟೇನೂ ಅಪರೂಪವಲ್ಲ. ನಾವು ಕಲ್ಲು ಬೇರು ನೋಡಿಕೊಂಡು ನಡೆಯುತ್ತೇವೆ, ಅದು ನೆಲಕ್ಕೆ ಇಳಿಯುವುದೇ ಕಡಿಮೆ.

1777ರಲ್ಲಿ ಜರ್ಮನಿಯ ಎರ್ಕ್ಸ್‌ಲೆಬೆನ್ ಈ ಪ್ರಾಣಿಗೆ ವೈಜ್ಞಾನಿಕ ಹೆಸರಿಟ್ಟ. ಆಗಿನ ಇಂಗ್ಲಿಷ್ ಪುಸ್ತಕಗಳಲ್ಲಿ ಅದು ‘ಬಾಂಬೆ ಅಳಿಲು’. ಘಟ್ಟದ ಅಳಿಲಿನ ಚರ್ಮವೊಂದು ಬಾಂಬೆ ಬಂದರಿನ ಮೂಲಕ ಯುರೋಪಿಗೆ ಹೋಗಿರಬೇಕು. ಇಂದಿನ ಹೆಸರು ರಾಟುಫಾ ಇಂಡಿಕಾ. ಭಾರತ ಬಿಟ್ಟು ಬೇರೆಲ್ಲೂ ಇದು ಕಾಡಿನಲ್ಲಿ ಇಲ್ಲ.

ತೂಕ ಹೆಚ್ಚುಕಡಿಮೆ ಎರಡು ಕಿಲೋ, ಬಾಲ ಮೈಯಷ್ಟೇ ಉದ್ದ, ಕೆಲವೊಮ್ಮೆ ಇನ್ನೂ ಉದ್ದ. ತೆಂಕಣ ಘಟ್ಟದವುಗಳ ಬೆನ್ನು ಕಪ್ಪು. ಭೀಮಾಶಂಕರದ್ದು ಕಂದುಗೆಂಪು, ಹೊಟ್ಟೆ ಕೆನೆಬಣ್ಣ, ಬಾಲ ತುದಿಯ ಕಡೆಗೆ ತಿಳಿ. ಇಷ್ಟು ಬಣ್ಣವಿದ್ದೂ ಕಣ್ಣಿಗೆ ಬೀಳದಿರಲು ಆ ಬಣ್ಣಗಳೇ ಕಾರಣ. ಎಲೆಗಳ ನಡುವೆ ಸೋರುವ ಬಿಸಿಲಲ್ಲಿ ಗಾಢ ಒಂದು ಕಡೆ, ತಿಳಿ ಒಂದು ಕಡೆಯಾಗಿ ಮೈಯ ಅಂಚು ಒಡೆದುಹೋಗುತ್ತದೆ. ಅಪಾಯ ಕಂಡರೆ ಓಡುವ ಬದಲು ಕೊಂಬೆಗೆ ಮೈಯೊತ್ತಿ ಅಲ್ಲಾಡದೆ ಮಲಗುವುದೂ ಉಂಟು. ಹಾಗೆ ಮಲಗಿದ್ದರ ಕೆಳಗೇ ಮಾತಾಡುತ್ತ ದಾಟಿಹೋಗುತ್ತೇವೆ.

ಆದ್ದರಿಂದ ಮೊದಲು ಪ್ರಾಣಿಯನ್ನಲ್ಲ, ಅದರ ಕುರುಹನ್ನು ಹುಡುಕಬೇಕು. ಮರದ ಬುಡದಲ್ಲಿ ಅರ್ಧ ಕಡಿದ ಹಸಿಕಾಯಿ, ಹೊಸದಾಗಿ ಸೀಳಿದ ಸಿಪ್ಪೆ ಬಿದ್ದಿದ್ದರೆ ಮೇಲೆ ಯಾರೋ ಉಣ್ಣುತ್ತಿದ್ದಾರೆ. ಎಲೆ ಕಡ್ಡಿ ಹೆಣೆದ ದೊಡ್ಡ ಚೆಂಡಿನಂಥ ಗೂಡುಗಳು ಎತ್ತರದ ತೆಳು ಕೊಂಬೆಗಳಲ್ಲಿ ಕಾಣುತ್ತವೆ, ಭಾರದ ಬೇಟೆಗಾರರು ತಲುಪಲಾರದಲ್ಲಿ. ಒಂದು ಅಳಿಲಿಗೆ ಒಂದಕ್ಕಿಂತ ಹೆಚ್ಚು ಗೂಡು, ಹಾಗಾಗಿ ಗೂಡು ಸಿಕ್ಕ ಮಾತ್ರಕ್ಕೆ ಒಡೆಯ ಸಿಕ್ಕಂತಲ್ಲ. ಕಟಕಟ ಎಂಬ ಜೋರು ಕೂಗು ಕೇಳಿದರೆ ನಿಲ್ಲಿ. ಗಿಡುಗವನ್ನೋ ನಿಮ್ಮನ್ನೋ ಅದು ಕಂಡಿದೆ.

ಘಾಟು ಹತ್ತುವ ದಾರಿಯ ಪದರವಾಡಿ ದಾಟಿದ ಮೇಲಿನ ಕಾಡಲ್ಲಿ ಹಾಗೆ ನಿಂತಾಗ ಕಂಡದ್ದನ್ನು ಹೇಳುತ್ತೇನೆ. ಹಿಂಗಾಲು ಕೊಂಬೆಗೆ ಕಚ್ಚಿ, ಮೈಯನ್ನು ಕೊಂಬೆಗೆ ಅಡ್ಡಲಾಗಿ ಮುಂದಕ್ಕೆ ಬಾಗಿಸಿ, ಎರಡೂ ಕೈಯಲ್ಲಿ ಕಾಯಿ ತಿರುಗಿಸುತ್ತ ತಿನ್ನುತ್ತಿತ್ತು. ಆ ಕಡೆ ತಲೆ ಮತ್ತು ಕಾಯಿ, ಈ ಕಡೆ ಜೋತುಬಿದ್ದ ಬಾಲ: ತಕ್ಕಡಿಯ ಎರಡು ತಟ್ಟೆ. ತಲೆ ಮುಂದೆ ಚಾಚಿದಾಗೆಲ್ಲ ಬಾಲ ಅದಕ್ಕೆ ತೂಕ ಕೊಡುತ್ತಿತ್ತು. ಅಗಲವಾದ ಅಂಗೈಯ ಒಳಬದಿಯ ಮೆತ್ತೆ ಹೆಬ್ಬೆರಳಿನ ಕೆಲಸ ಮಾಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೊರ್ಜೆಸ್ ತಮ್ಮ ಸಂಶೋಧನೆಯ ಆರಂಭದ ವರ್ಷಗಳಲ್ಲಿ ಇದರ ಊಟವನ್ನೇ ಬೆನ್ನುಹತ್ತಿದರು, ಭೀಮಾಶಂಕರದಲ್ಲಿ ಮತ್ತು ನಮ್ಮ ಉತ್ತರ ಕನ್ನಡದ ಮಾಗೋಡಿನಲ್ಲಿ. ಹಣ್ಣು, ಬೀಜ, ಹೂವು, ಎಲೆ, ತೊಗಟೆ ಎಲ್ಲವೂ ಇದರ ಆಹಾರ. ಮರಗಳು ತಮ್ಮ ಎಲೆಬೀಜಗಳಲ್ಲಿ ಟ್ಯಾನಿನ್‌ನಂಥ ಒಗರು ರಾಸಾಯನಿಕ ತುಂಬಿಟ್ಟುಕೊಳ್ಳುವುದರಿಂದ ಒಂದೇ ಮರವನ್ನು ನೆಚ್ಚಿಕೊಂಡು ಬದುಕುವುದು ಕಷ್ಟ. ಹತ್ತಾರು ಜಾತಿಯ ಮರ ಬೇಕು, ಒಂದರಿಂದ ಇನ್ನೊಂದಕ್ಕೆ ಮೇಲಿಂದ ಮೇಲೇ ದಾರಿಯೂ ಬೇಕು.

ಆ ದಾರಿಯೇ ಇದರ ಪ್ರಾಣ. ಸುಮಾರು ಆರು ಮೀಟರ್ ಹಾರಬಲ್ಲದು, ಅದಕ್ಕಿಂತ ಅಗಲದ ರಸ್ತೆ ಬಿದ್ದರೆ ಕಾಡು ಎರಡು ತುಂಡು. 1985ರಲ್ಲಿ ಭೀಮಾಶಂಕರ ವನ್ಯಧಾಮವಾಗಿದ್ದು ಮುಖ್ಯವಾಗಿ ಇದರ ಸಲುವಾಗಿಯೇ. ದೇವಸ್ಥಾನದ ಸುತ್ತಲ ದೇವರಕಾಡು ಅದಕ್ಕೂ ಎಷ್ಟೋ ಮುಂಚಿನಿಂದ ಕೊಂಬೆಗೆ ಕೊಂಬೆ ಕೂಡಿಸಿಟ್ಟಿದೆ. ವಾಹನ ಹೆಚ್ಚಿತೆಂದು ಅಲ್ಲಿ ರಸ್ತೆ ಅಗಲಿಸುವ ಮೊದಲು ಮರಗಳ ತುದಿ ನಡುವಿನ ಅಂತರ ಅಳೆಯಲೇಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ತೂಗುಸೇತುವೆ ಕಟ್ಟಿದ್ದಾರೆ, ಮರ ಉಳಿಸಲಾಗದ ಕಡೆ ಅದೂ ಒಂದು ದಾರಿ.

ಮೇಲೆ ನೋಡುವ ಅಭ್ಯಾಸವನ್ನು ಬೈಕುಲ್ಲಾದ ರಾಣಿಬಾಗ್ ಉದ್ಯಾನದಲ್ಲೇ ಶುರುಮಾಡಬಹುದು. 1860ರ ದಶಕದಿಂದ ಬೆಳೆದುಬಂದ ಮರಗಳ ನಡುವೆ ಕತ್ತೆತ್ತಿ ಯಾವ ಕೊಂಬೆ ಯಾವುದಕ್ಕೆ ತಾಗಿದೆ ಎಂದು ಗುರುತಿಸಿ. ಘಟ್ಟದಲ್ಲಿ ಬೆಳಗಿನ ಹೊತ್ತು ಒಳ್ಳೆಯದು, ನಡುಮಧ್ಯಾಹ್ನ ಅಳಿಲು ಮಲಗುತ್ತದೆ. ಭೀಮಾಶಂಕರದ ನಾಗಫಣಿ ಶಿಖರದ ದಾರಿಯಲ್ಲಿ ಹಣ್ಣು ಬಿಟ್ಟ ಅತ್ತಿಮರ ಸಿಕ್ಕರೆ ಅರ್ಧ ಗಂಟೆ ಮಾತಿಲ್ಲದೆ ಕುಳಿತುಕೊಳ್ಳಿ. ತಿಂಡಿ ಮಾತ್ರ ಹಾಕಬೇಡಿ.