ಜಡೆಯ ಬಿಗಿ ಹೆಣಿಗೆಯಲ್ಲಿರಲಿ, ಬುಡದಲ್ಲಿ ಬೇಡ

ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎಂಬುದು ನಮ್ಮ ಹಿರಿಯರ ಗಾದೆ. ಗಾದೆ ಸುಳ್ಳಲ್ಲ. ಆದರೆ ಇರುವ ಕೂದಲನ್ನು ಉಳಿಸಿಕೊಳ್ಳುವುದು ಹೇಗೆಂಬುದನ್ನು ಅದು ಹೇಳುವುದಿಲ್ಲ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಎಣ್ಣೆಗೆ ಬಡತನವಿಲ್ಲ. ತಲೆ ಬಾಚಿ ಜಡೆ ಹಾಕುವ ತಾಯಂದಿರ ಕೈಗಳಿಗೂ ಕೊರತೆಯಿಲ್ಲ. ಹೀಗಿದ್ದೂ ಹತ್ತು ಹನ್ನೆರಡರ ಹರೆಯದಲ್ಲಿ ತುಂಬು ಜಡೆಯಿದ್ದ ಹೆಣ್ಣುಮಕ್ಕಳ ಹಣೆಯ ಎರಡೂ ಬದಿ ಇಪ್ಪತ್ತೈದು ತುಂಬುವ ಮೊದಲೇ ಬರಿದಾಗುವುದನ್ನು ನಾವು ಕಾಣುತ್ತೇವೆ. ಇದಕ್ಕೆ ಎಷ್ಟೋ ವೇಳೆ ಕಾರಣ ರೋಗವಲ್ಲ, ಪ್ರೀತಿಯಿಂದಲೇ ಬಿಗಿದು ಕಟ್ಟಿದ ಜಡೆ. ಆದ್ದರಿಂದ ಈ ಸಂಚಿಕೆಯಲ್ಲಿ ಜಡೆಯ ವಿಚಾರವನ್ನು ಆರೋಗ್ಯದ ದೃಷ್ಟಿಯಿಂದ ನೋಡೋಣ.

ಕೂದಲಿನ ಸ್ವಭಾವ

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹೀಗೆ 2ರಿಂದ 6 ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಮಿಸಿ, ಉದುರಿ, ಅದೇ ಬುಡದಿಂದ ಹೊಸ ಕೂದಲಿಗೆ ಎಡೆಮಾಡಿಕೊಡುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಎರಡು ದಿನ ಬಿಚ್ಚದ ಜಡೆಯನ್ನು ಬಿಚ್ಚಿದಾಗ ಬಾಚಣಿಗೆ ತುಂಬ ಕೂದಲು ಬಂದರೆ ಹೆದರಬೇಕಾಗಿಲ್ಲ. ಎರಡು ದಿನಗಳದು ಒಟ್ಟಿಗೆ ಬಂದಿದೆ, ಅಷ್ಟೆ.

ಕೂದಲಿನ ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಸವೆದರೆ ತನ್ನನ್ನು ತಾನು ಸರಿಪಡಿಸಿಕೊಳ್ಳಲಾರದು. ಸೊಂಟದವರೆಗೆ ಜಡೆಯಿರುವ ಏಳನೆಯ ತರಗತಿಯ ಹುಡುಗಿಯನ್ನು ನೆನೆಯಿರಿ. ಆ ಜಡೆಯ ತುದಿ ಅವಳು ಒಂದನೆಯ ತರಗತಿಗೆ ಸೇರುವ ಹೊತ್ತಿಗೆ ಬುಡದಿಂದ ಹೊರಟದ್ದು. ಆರು ವರ್ಷಗಳ ಬಿಸಿಲು, ಧೂಳು, ಬಾಚಣಿಗೆಯ ಎಳೆತ ಎಲ್ಲವನ್ನೂ ಅದು ಸಹಿಸಿದೆ. ಆದ್ದರಿಂದ ಬುಡಕ್ಕೆ ಬೇಕಾದುದು ಎಳೆತದಿಂದ ಬಿಡುವು, ತುದಿಗೆ ಬೇಕಾದುದು ಸವೆತದಿಂದ ರಕ್ಷಣೆ. ಜಡೆಯ ಶಾಸ್ತ್ರವೆಲ್ಲ ಈ ಎರಡು ಮಾತುಗಳಲ್ಲಿದೆ.

ಎಣ್ಣೆ ಮಾಡುವ ಕೆಲಸ, ಮಾಡದ ಕೆಲಸ

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಒಡಕು, ಚೂರುಗಳು ಗಾಣ ಸೇರಿ ಮನೆಯ ಎಣ್ಣೆಯಾಗುತ್ತವೆ. ಈ ಎಣ್ಣೆಯ ಅರ್ಧದಷ್ಟು ಭಾಗ ಲಾರಿಕ್ ಆಮ್ಲವೆಂಬ ಕೊಬ್ಬಿನಾಮ್ಲ. ಅದರ ಕಣ ಚಿಕ್ಕದೂ ನೇರವೂ ಆದುದರಿಂದ ಕೂದಲಿನ ಎಳೆಯೊಳಕ್ಕೆ ಇಳಿಯಬಲ್ಲದು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆಗಳನ್ನು ಹೋಲಿಸಿ ಮುಂಬಯಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಳೆಯುವಾಗ ಕೂದಲಿನಿಂದ ನಷ್ಟವಾಗುವ ಪ್ರೋಟೀನನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಸಂಸ್ಥೆಯೊಂದಕ್ಕೆ ಸೇರಿದವರೆಂಬುದನ್ನೂ ಓದುಗರು ತಿಳಿದಿರಬೇಕು.

ಎಣ್ಣೆ ಎಳೆಯನ್ನು ಕಾಯುತ್ತದೆ. ಹೊಸ ಕೂದಲನ್ನು ಹುಟ್ಟಿಸುವುದಿಲ್ಲ. ಆದುದರಿಂದ ನೆತ್ತಿಗೆ ಸುರಿಯುವುದಕ್ಕಿಂತ ಎಳೆಯ ನಡುವಿನಿಂದ ತುದಿಯವರೆಗೆ ಸವರುವುದು ಹೆಚ್ಚು ಪ್ರಯೋಜನಕಾರಿ. ತಲೆ ತೊಳೆಯುವ ಹಿಂದಿನ ರಾತ್ರಿ, ಇಲ್ಲವೇ ಒಂದೆರಡು ಗಂಟೆ ಮೊದಲು ಹಚ್ಚಿದರೆ ಸಾಕು. ಚಳಿಗಾಲದಲ್ಲಿ ಗಟ್ಟಿಯಾದ ಎಣ್ಣೆಯನ್ನು ಒಲೆಯ ಮೇಲಿಡದೆ, ಸೀಸೆಯನ್ನು ಬಿಸಿನೀರಿನಲ್ಲಿರಿಸಿ ಕರಗಿಸಿಕೊಳ್ಳಬೇಕು. ತಲೆಯಲ್ಲಿ ಹೊಟ್ಟು ಇರುವವರು ಎಣ್ಣೆಯನ್ನು ದಿನಗಟ್ಟಲೆ ಬಿಡಬಾರದು. ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಹಚ್ಚಿದರೆ ಕೂದಲಿನ ಮೇಲೆ ಬಿಳಿಯ ಪೊರೆ ಕೂತು ಸಿಕ್ಕು ಹೆಚ್ಚುತ್ತದೆ. ಸೀಗೆಕಾಯಿ ಪುಡಿಯಾಗಲಿ ಮೃದುವಾದ ಶಾಂಪೂ ಆಗಲಿ ಸೋಪಿಗಿಂತ ಮೇಲು.

ಸಿಕ್ಕು ಬಿಡಿಸುವ ಕ್ರಮ

ಒದ್ದೆ ಕೂದಲು ಹೆಚ್ಚು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಶಾಲೆಯ ಗಡಿಬಿಡಿಯಲ್ಲಿ ಒದ್ದೆ ತಲೆಯನ್ನೇ ಬಾಚಿ ಜಡೆ ಹಾಕುವ ವಾಡಿಕೆಯನ್ನು ಬಿಡುವುದು ಒಳ್ಳೆಯದು. ಸ್ನಾನವಾದ ಮೇಲೆ ಹಳೆಯ ಹತ್ತಿಯ ಬಟ್ಟೆಯಿಂದ ಒತ್ತಿ ನೀರು ತೆಗೆಯಬೇಕು, ಉಜ್ಜಬಾರದು. ಮುಕ್ಕಾಲು ಭಾಗ ಆರಿದ ಮೇಲೆ ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಿಂದ ಆರಂಭಿಸಿ, ನಾಲ್ಕು ನಾಲ್ಕು ಬೆರಳಿನಷ್ಟು ಮೇಲೇರುತ್ತ ಸಿಕ್ಕು ಬಿಡಿಸಬೇಕು. ನೆತ್ತಿಯಿಂದ ಕೆಳಗೆ ಒಂದೇ ಸಲ ಎಳೆದರೆ ಸಿಕ್ಕುಗಳೆಲ್ಲ ಜಾರಿ ಒಂದೆಡೆ ಗಂಟಾಗುತ್ತವೆ. ಗುಂಗುರು ಕೂದಲಿನವರು ಮಾತ್ರ ತುಸು ತೇವ ಅಥವಾ ಎಣ್ಣೆಯ ಪಸೆ ಇರುವಾಗಲೇ ಬಾಚುವುದು ಲೇಸು.

ಜಡೆ ಹೆಣೆಯುವ ಬಗೆ

ಮೂರು ಕಾಲಿನ ಜಡೆ ಎಲ್ಲಕ್ಕೂ ಮೂಲ. ಕೂದಲನ್ನು ಸಮನಾಗಿ ಮೂರು ಪಾಲು ಮಾಡಿ, ಬಲದ ಪಾಲನ್ನು ನಡುವಿನದರ ಮೇಲೆ, ಬಳಿಕ ಎಡದ ಪಾಲನ್ನು ನಡುವಿನದರ ಮೇಲೆ ತರುತ್ತ ಹೋಗುವುದು. ಪಾಲುಗಳು ಅಸಮವಾದರೆ ಒಂದೇ ಬದಿಯ ಬುಡಗಳ ಮೇಲೆ ಭಾರ ಬೀಳುತ್ತದೆ. ಮೊದಲ ಎರಡು ಹೆಣಿಗೆಗಳನ್ನು ಸಡಿಲವಾಗಿ ಹಾಕಿ, ಕುತ್ತಿಗೆಯಿಂದ ಕೆಳಗಿಳಿದ ಮೇಲೆ ಬಿಗಿ ಮಾಡಬೇಕು. ಇದೇ ಮುಖ್ಯವಾದ ಗುಟ್ಟು. ಜಡೆ ನಿಲ್ಲುವುದು ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ, ಬುಡವನ್ನು ಎಳೆಯುವುದರಿಂದಲ್ಲ. ತುದಿಯಲ್ಲಿ ನಾಲ್ಕು ಬೆರಳು ಉಳಿಸಿ ಬಟ್ಟೆಯ ಟೇಪಿನಿಂದ ಕಟ್ಟಬೇಕು. ಬರಿಯ ರಬ್ಬರ್ ಬ್ಯಾಂಡ್ ಕೂದಲನ್ನು ಕತ್ತರಿಸುತ್ತದೆ.

ದಟ್ಟ ಕೂದಲಿಗೆ ಎರಡು ಜಡೆ ಉತ್ತಮ. ಭಾರ ಎರಡು ಕಡೆ ಹಂಚಿಹೋಗುತ್ತದೆ. ನಾಲ್ಕು, ಐದು ಕಾಲಿನ ಜಡೆಗಳು ಅಗಲವಾಗಿ ಹರಡಿಕೊಳ್ಳುವುದರಿಂದ ಹಬ್ಬದ ದಿನಗಳಿಗೆ ಒಪ್ಪುತ್ತವೆ. ತುರುಬನ್ನು ನೆತ್ತಿಯ ಮೇಲೆ ಬಿಗಿಯದೆ ಕತ್ತಿನ ಬಳಿ ಇಳಿಬಿಟ್ಟರೆ ಹಣೆಯ ಅಂಚಿಗೆ ಸೆಳೆತವಿರುವುದಿಲ್ಲ. ಸೀಮಂತ, ಮದುವೆಗಳ ಮೊಗ್ಗಿನ ಜಡೆ ನಮ್ಮ ನಾಡಿನ ಸೊಬಗು. ಆದರೆ ಹೂವಿನ ಭಾರ, ಚೌರಿಯ ಭಾರ, ಕುಚ್ಚಿನ ಭಾರ ಎಲ್ಲವೂ ಸೇರಿ ಜಗ್ಗುವುದರಿಂದ ಶಾಸ್ತ್ರ ಮುಗಿದೊಡನೆ ಬಿಚ್ಚಿಬಿಡಬೇಕು. ಬೈತಲೆಯ ಗೆರೆಯನ್ನು ವಾರಕ್ಕೊಮ್ಮೆ ತುಸು ಅತ್ತಿತ್ತ ಸರಿಸಬೇಕು. ರಾತ್ರಿ ಒಂದೇ ಸಡಿಲ ಜಡೆ ಸಾಕು. ಬಿಚ್ಚಿ ಮಲಗಿದರೆ ಸಿಕ್ಕು, ಬಿಗಿದು ಮಲಗಿದರೆ ನೋವು.

ಬಿಗಿ ತರುವ ಕೇಡು

ಎಳೆದು ಕಟ್ಟಿದರೆ ಕೂದಲು ಉದ್ದ ಬೆಳೆಯುತ್ತದೆಂಬ ನಂಬಿಕೆ ಹಲವು ಮನೆಗಳಲ್ಲಿದೆ. ಅದು ತಪ್ಪು. ನಿತ್ಯದ ಸೆಳೆತದಿಂದ ಬುಡ ಸಡಿಲಗೊಂಡು ಕೂದಲು ಉದುರುವ ಬಾಧೆಯನ್ನು ವೈದ್ಯರು 1907ರಷ್ಟು ಹಿಂದೆಯೇ ದೂರದ ಗ್ರೀನ್‌ಲ್ಯಾಂಡಿನ ಹೆಣ್ಣುಮಕ್ಕಳಲ್ಲಿ ಗುರುತಿಸಿದ್ದರು. ಅವರೂ ಕೂದಲನ್ನು ನೆತ್ತಿಗೆ ಎಳೆದು ಬಿಗಿದು ಕಟ್ಟುತ್ತಿದ್ದವರೇ. ಜಡೆ ಹಾಕಿಸಿಕೊಂಡ ಮಗು ತಲೆನೋವೆಂದರೆ, ಹುಬ್ಬಿನ ತುದಿ ಮೇಲಕ್ಕೆ ಸೆಳೆದಂತೆ ಕಂಡರೆ, ಬುಡದಲ್ಲಿ ಸಣ್ಣ ಗುಳ್ಳೆಗಳೆದ್ದರೆ, ಕಪಾಲದ ಬದಿ ಮೋಟು ಕೂದಲು ಹೆಚ್ಚಿದರೆ ಅದು ಎಚ್ಚರಿಕೆ. ಈ ಹಂತದಲ್ಲಿ ಬಿಗಿ ಬಿಟ್ಟರೆ ಕೆಲವು ತಿಂಗಳಲ್ಲಿ ಕೂದಲು ಮರಳಿ ಬರುತ್ತದೆ. ವರ್ಷಗಳ ಕಾಲ ಮುಂದುವರಿದರೆ ಬುಡವೇ ಬತ್ತಿ, ಚರ್ಮ ನುಣುಪಾಗಿ, ಯಾವ ಎಣ್ಣೆಯೂ ಅದನ್ನು ಮರಳಿ ತಾರದು. ಮಗು ನೋವೆಂದಾಗ ಗದರದೆ ಜಡೆಯನ್ನು ಬಿಚ್ಚಿ ಮತ್ತೆ ಹಾಕುವಷ್ಟು ತಾಳ್ಮೆ ನಮ್ಮಲ್ಲಿರಬೇಕು.

ಹೇನು ಮತ್ತು ಅಪಾಯದ ಮದ್ದುಗಳು

ತಲೆಗೆ ತಲೆ ತಾಗುವುದರಿಂದ ಹೇನು ಹರಡುತ್ತದೆ; ಕಟ್ಟಿದ ಜಡೆ ಅದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಎಣ್ಣೆ ಹಚ್ಚಿ ಸೀರಣಿಗೆಯಿಂದ ಎರಡು ಮೂರು ದಿನಕ್ಕೊಮ್ಮೆ, ಎರಡು ವಾರ ಬಾಚಬೇಕು. ಔಷಧಿ ಹಚ್ಚಿದರೆ ವೈದ್ಯರ ಸೂಚನೆಯಂತೆ 7ರಿಂದ 10 ದಿನಗಳ ನಂತರ ಮತ್ತೊಮ್ಮೆ ಹಚ್ಚಬೇಕು, ಏಕೆಂದರೆ ಉಳಿದ ಸೀರುಗಳು ಅಷ್ಟರಲ್ಲಿ ಒಡೆದಿರುತ್ತವೆ. ಸೀಮೆಎಣ್ಣೆಯನ್ನಾಗಲಿ, ತೋಟಕ್ಕೆ ಸಿಂಪಡಿಸುವ ಕೀಟನಾಶಕವನ್ನಾಗಲಿ ಎಂದಿಗೂ ತಲೆಗೆ ಹಚ್ಚಕೂಡದು. ಕೀಟನಾಶಕ ನೆತ್ತಿಯ ಚರ್ಮದ ಮೂಲಕವೇ ಮೈಯೊಳಗೆ ಸೇರಿ ಪ್ರಾಣಕ್ಕೆ ಎರವಾಗಬಲ್ಲದು.

ದುಡಿಮೆಯ ವೇಳೆ

ನಮ್ಮ ಸೀಮೆಯ ತಾಯಂದಿರು ತೆಂಗಿನ ನಾರಿನ ಘಟಕಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ, ಮೇವು ಕತ್ತರಿಸುವ ಯಂತ್ರದ ಬಳಿ ದುಡಿಯುತ್ತಾರೆ. ತಿರುಗುವ ಬೆಲ್ಟಿಗೆ ಜಡೆ ಸಿಲುಕಿದರೆ ಕ್ಷಣಾರ್ಧದಲ್ಲಿ ನೆತ್ತಿಯ ಚರ್ಮವೇ ಕಿತ್ತುಬರುತ್ತದೆ. ಅಲ್ಲಿ ಇಳಿಬಿಟ್ಟ ಜಡೆ ಸಲ್ಲದು. ಜಡೆಯನ್ನು ಸುತ್ತಿ ತುರುಬು ಮಾಡಿ, ಮೇಲೆ ವಸ್ತ್ರ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಅವಘಡವಾದರೆ ಮೊದಲು ಯಂತ್ರ ನಿಲ್ಲಿಸಿ, ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಕರೆಮಾಡಬೇಕು. ಕಿತ್ತುಬಂದ ಚರ್ಮವನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ನಡುವೆ ಇಟ್ಟು ಆಸ್ಪತ್ರೆಗೆ ಒಯ್ಯಬೇಕು. ಮಂಜುಗಡ್ಡೆ ನೇರವಾಗಿ ಚರ್ಮಕ್ಕೆ ತಾಗಬಾರದು.

ಒಳಗಿನ ಕಾರಣಗಳು

ಎಲ್ಲ ಉದುರುವಿಕೆಗೂ ಜಡೆಯೇ ಕಾರಣವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಜಡೆ ತೆಳುವಾಗುತ್ತಿದ್ದು, ಜೊತೆಗೆ ಆಯಾಸ, ಏದುಸಿರು ಇದ್ದರೆ ಎಣ್ಣೆ ಬದಲಿಸುವ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ತೊಂದರೆಯೂ ಹೀಗೆಯೇ ಕಾಣಿಸಿಕೊಳ್ಳಬಹುದು. ನುಗ್ಗೆಸೊಪ್ಪು, ಹುರುಳಿ, ಅವರೆ, ರಾಗಿಯ ಊಟದೊಡನೆ ನಿಂಬೆರಸವಿರಲಿ. ಊಟದ ಬೆನ್ನಿಗೇ ಕಾಫಿ, ಚಹಾ ಬೇಡ, ಅವು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಹೆರಿಗೆಯಾದ ಎರಡು ನಾಲ್ಕು ತಿಂಗಳಿಗೆ, ತೀವ್ರ ಜ್ವರ ಬಂದ ಕೆಲವು ತಿಂಗಳಿಗೆ ರಾಶಿ ರಾಶಿ ಉದುರಿದರೂ ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ. ನಾಣ್ಯದಂತೆ ದುಂಡಗೆ ಬೋಳಾದ ಕಲೆ ಕಂಡರೆ ಮಾತ್ರ ತಡಮಾಡದೆ ಚರ್ಮವೈದ್ಯರಿಗೆ ತೋರಿಸಬೇಕು.

ಕೊನೆಯದಾಗಿ ಒಂದು ಮಾತು. ಅಕ್ಕಮಹಾದೇವಿಯವರು ಕೇಶವನ್ನೇ ಉಡುಗೆಯಾಗಿಸಿಕೊಂಡರೆಂದು ನಮ್ಮ ಪರಂಪರೆ ಸ್ಮರಿಸುತ್ತದೆ. ಅವರಿಗೆ ಅದು ಅಲಂಕಾರವಾಗಿರಲಿಲ್ಲ. ಜಡೆಯ ಉದ್ದ ಹೆಣ್ಣಿನ ಗುಣದ ಅಳತೆಯಲ್ಲ. ಕಾಯಿಲೆಯಿಂದಲೋ ಚಿಕಿತ್ಸೆಯಿಂದಲೋ ಕೂದಲು ಕಳೆದುಕೊಂಡ ಸೋದರಿಯನ್ನು ಶುಭಕಾರ್ಯದಲ್ಲಿ ಹಿಂದೆ ನಿಲ್ಲಿಸುವುದು ಶರಣರ ಹಾದಿಯಲ್ಲ. ಇರುವವರು ಅಕ್ಕರೆಯಿಂದ ಕಾಪಾಡಿಕೊಳ್ಳಲಿ, ಇಲ್ಲದವರು ತಲೆಯೆತ್ತಿ ನಡೆಯಲಿ. ನಾಳೆ ಬೆಳಿಗ್ಗೆ ಮಗಳನ್ನು ಮುಂದೆ ಕೂರಿಸಿಕೊಂಡಾಗ, ನೋಯುತ್ತಿದೆಯೇ ಎಂದು ಒಮ್ಮೆ ಕೇಳಿ ಜಡೆ ಹೆಣೆಯಿರೆಂಬುದೇ ನಮ್ಮ ವಿನಂತಿ.