ಹೊತ್ತು ಮೀರಿದ ದುಡಿಮೆ: ಕಾಂಕ್ರೀಟ್ ಪಂಪಿನ ಕಸುಬು ಮತ್ತು ಕೂಲಿ

ಕಟ್ಟಡ ಕಾರ್ಮಿಕರ ಆಡುಮಾತಿನಲ್ಲಿ ‘ಓಟಿ’ ಎಂಬುದು ಹೊತ್ತು ಮೀರಿದ ದುಡಿಮೆಯೂ ಹೌದು, ಅದರ ಕೂಲಿಯೂ ಹೌದು. ಕಾಂಕ್ರೀಟ್ ಪಂಪಿನವರಿಗೆ ಇದು ಕಸುಬಿನ ಸ್ವರೂಪದಿಂದಲೇ ಒದಗಿದುದು. ತಾರಸಿಯ ಕೆಲಸವನ್ನು ನಡುವೆ ನಿಲ್ಲಿಸಿದರೆ ಗಟ್ಟಿಯಾದ ಪದರವು ಹೊಸದರೊಡನೆ ಸರಿಯಾಗಿ ಬೆಸೆಯದು. ಸುರಿದು ಮುಗಿದ ಮೇಲೂ ಕೊಳವೆ ತೊಳೆಯುವ ಕೆಲಸ ಉಳಿಯುತ್ತದೆ.

ಭಾರತದಲ್ಲಿ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯು ಹೆಚ್ಚುವರಿ ದುಡಿಮೆಗೆ ಸಾಮಾನ್ಯ ಕೂಲಿಯ ಇಮ್ಮಡಿಯನ್ನು ವಿಧಿಸಿತು. 2019ರ ವೇತನ ಸಂಹಿತೆಯೂ ಅದಕ್ಕಿಂತ ಕಡಿಮೆ ಕೊಡಲಾಗದೆಂದಿದೆ. ಆದರೆ ಈ ಕಟ್ಟಳೆ ದರಕ್ಕಷ್ಟೇ ರಕ್ಷಣೆ. ಎಷ್ಟು ಗಂಟೆ ಕೆಲಸ ದೊರೆಯಬೇಕೆಂಬುದನ್ನು ಅದು ಗೊತ್ತುಪಡಿಸುವುದಿಲ್ಲ. ಆರ್ಥಿಕ ಹಿಂಜರಿತದಲ್ಲಿ ಮೊದಲು ಕರಗುವುದು ಈ ಇಮ್ಮಡಿಯ ಗಂಟೆಗಳೇ. 2020ರ ಲಾಕ್‌ಡೌನಿನಲ್ಲಿ ನಿರ್ಮಾಣವೇ ನಿಂತಾಗ ದಿನಗೂಲಿಯೂ ತಪ್ಪಿ, ಬೆಂಗಳೂರಿನ ವಲಸೆ ಕಾರ್ಮಿಕರು ಗುಂಪುಗುಂಪಾಗಿ ಊರಿಗೆ ಮರಳಿದರು. ಓಟಿಯನ್ನೇ ನೆಚ್ಚಿದ ಸಂಸಾರಕ್ಕೆ ಮೂಲ ಕೂಲಿಯೇ ಸಾಲುವಂತಿರಬೇಕೆಂಬುದು ಇದರಿಂದ ವಿದಿತವಾಗುತ್ತದೆ.