ಹತ್ತು ರೂಪಾಯಿಗೆ ಒಂದು ದೇಶ: ಸಂತೆಯಲ್ಲಿ ಹೊರನಾಡಿನ ನಾಣ್ಯ ಹುಡುಕುವ ಬಗೆ



ಊಟಿ ಪೇಟೆಗೆ ಹೋದಾಗ ತರಕಾರಿ, ದಿನಸಿ ಕೊಂಡ ಮೇಲೆ ನಮ್ಮಲ್ಲಿ ನಾಲ್ಕೈದು ಮಂದಿ ನೇರ ಬಸ್ಸಿಗೆ ಹೋಗುವುದಿಲ್ಲ. ದಾರಿಯ ಅಂಚಿನಲ್ಲಿ ಗೋಣಿಚೀಲ ಹಾಸಿಕೊಂಡು ಹಳೆ ಬೀಗ, ಕೆಟ್ಟ ಗಡಿಯಾರ, ಹಿತ್ತಾಳೆ ಲೋಟ ಮಾರುವವರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇವೆ. ಅವರ ಹತ್ತಿರ ಒಂದು ಡಬ್ಬ ಇದ್ದೇ ಇರುತ್ತದೆ. ಅದರ ತುಂಬ ಊರೂರಿನ ಚಿಲ್ಲರೆ. "ಅಣ್ಣಾ, ಇದು ಎಷ್ಟು?" ಎಂದರೆ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಎನ್ನುತ್ತಾರೆ. ಈ ಹವ್ಯಾಸದ ಬಗ್ಗೆ ಬರೆಯಿರಿ ಎಂದು ಗುಂಡ್ಲುಪೇಟೆ, ತಾಳವಾಡಿ, ಹೊಸೂರು ಕಡೆಯ ಸದಸ್ಯರು ಕೇಳುತ್ತಲೇ ಇದ್ದರು. ನಮಗೆ ತಿಳಿದಷ್ಟು ಇಲ್ಲಿದೆ.

ನಮ್ಮ ಬೆಟ್ಟಕ್ಕೆ ಈ ನಾಣ್ಯಗಳು ಬಂದದ್ದು ಹೇಗೆ?

ನೀಲಗಿರಿಯ ಡಬ್ಬಗಳಲ್ಲಿ ಸಿಗುವುದು ನೀಲಗಿರಿಯ ಚರಿತ್ರೆಯೇ. ದೊಡ್ಡ ಕಂಚಿನ ಪೆನ್ನಿ, ಶಿಲ್ಲಿಂಗ್‌ಗಳು ಇಂಗ್ಲಿಷರ ಬಂಗಲೆಗಳಿಂದ ಉಳಿದವು. ವೆಲ್ಲಿಂಗ್ಟನ್‌ನ ಸೇನಾ ಕಾಲೇಜಿಗೆ ಬೇರೆ ಬೇರೆ ದೇಶದ ಅಧಿಕಾರಿಗಳು ಬಂದು ಹೋಗುತ್ತಾರೆ, ಪ್ರವಾಸಿಗರಂತೂ ವರ್ಷವಿಡೀ ಇರುತ್ತಾರೆ. ಗೂಡಲೂರು, ವಯನಾಡಿನ ಮನೆಗಳಿಗೆ ಗಲ್ಫ್ ಕೆಲಸದಿಂದ ದಿರ್ಹಮ್, ಹಲಾಲ, ಬೈಸಾ ಬಂದಿವೆ.

ನಮ್ಮಲ್ಲಿ ಬಹಳವಾಗಿ ಸಿಗುವುದು ಸಿಲೋನಿನ ಚಿಲ್ಲರೆ. ಅದಕ್ಕೆ ಕಾರಣವಿದೆ. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ, ಅಲ್ಲಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದಿದ್ದ ಭಾರತ ಮೂಲದವರಲ್ಲಿ 5,25,000 ಮಂದಿಯನ್ನು ಭಾರತ ತೆಗೆದುಕೊಳ್ಳಲು ಒಪ್ಪಿತು. ಹಾಗೆ ಬಂದವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ ಕೋತಗಿರಿ, ಕೂನೂರು, ಗೂಡಲೂರು ಕಡೆ ಚಹಾ ತೋಟ ಮಾಡಿತು. ಇಂದಿನ ಟ್ಯಾನ್‌ಟೀ ಅದೇ. ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರ ಸೆರಗಿನ ಗಂಟಿನಲ್ಲಿ ಉಳಿದ ಚಿಲ್ಲರೆ ಈಗ ಗೋಣಿಚೀಲದ ಮೇಲೆ ಬಿದ್ದಿದೆ.

ಗುರುತು ಹಿಡಿಯುವುದು

ಸಿಲೋನಿನ ಐದು ಸೆಂಟ್ ನಾಣ್ಯ ಚೌಕ, ಮೂಲೆಗಳು ಮಾತ್ರ ದುಂಡು. ಎರಡು ಸೆಂಟ್, ಹತ್ತು ಸೆಂಟ್‌ಗಳ ಅಂಚು ಹೂವಿನ ಎಸಳಿನಂತೆ ಅಲೆಅಲೆ. 1963ರಿಂದ ಬಂದವುಗಳ ಮೇಲೆ ರಾಣಿಯ ಮುಖವಿಲ್ಲ, ಲಾಂಛನವಿದೆ. ದೇಶದ ಹೆಸರು ಶ್ರೀಲಂಕಾ ಎಂದಾದದ್ದು 1972ರಲ್ಲಿ. ಆದ್ದರಿಂದ ಇಂಗ್ಲಿಷಿನಲ್ಲಿ ಸಿಲೋನ್ ಎಂದು ಇದ್ದರೆ ಅದು ಅದಕ್ಕೂ ಹಿಂದಿನದು.

ನಡುವೆ ತೂತಿರುವ ಕಂಚಿನ ನಾಣ್ಯ ಕಂಡರೆ ಅದು ಪೂರ್ವ ಆಫ್ರಿಕದ್ದಿರಬಹುದು, ನೋಡಿ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಒಂದು, ಐದು, ಹತ್ತು ಸೆಂಟ್‌ಗಳಿಗೆ ತೂತು ಇರುತ್ತಿತ್ತು. ಉದ್ದ ಮೂತಿಯ ಕಾಫಿ ಹೂಜಿ ಇದ್ದರೆ ಅದು ಯುಎಇಯ ದಿರ್ಹಮ್.

ಇಸವಿ ಓದುವುದಕ್ಕೂ ಸಣ್ಣ ಲೆಕ್ಕಗಳಿವೆ. ನೇಪಾಳದ ನಾಣ್ಯದಲ್ಲಿರುವುದು ವಿಕ್ರಮ ಸಂವತ್, 57 ಕಳೆಯಿರಿ. ಥಾಯ್ಲೆಂಡಿನದು ಬುದ್ಧ ಶಕೆ, 543 ಕಳೆಯಿರಿ. ಅರಬ್ ನಾಣ್ಯದಲ್ಲಿ ಹಿಜರಿ ವರ್ಷ ಮಾತ್ರ ಇದ್ದರೆ, ಅದರಲ್ಲಿ ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿ. 1397 ಎಂದಿದ್ದರೆ 42 ಹೋಗಿ 1355, ಅದಕ್ಕೆ 622 ಸೇರಿ 1977. ಮಕ್ಕಳಿಗೆ ಈ ಲೆಕ್ಕ ಹೇಳಿಕೊಟ್ಟರೆ ಮೊಬೈಲ್ ಕೆಳಗಿಟ್ಟು ಡಬ್ಬದ ಮುಂದೆ ಕೂರುತ್ತಾರೆ. ನಾವು ಮಾಡಿ ನೋಡಿದ್ದೇವೆ.

ಕೊಳ್ಳುವ ಮೊದಲು

ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇರಲಿ. ಬೆಳ್ಳಿ ಅದಕ್ಕೆ ಅಂಟುವುದಿಲ್ಲ. ಬೆಳ್ಳಿ ಎಂದು ಹೇಳಿದ್ದು ಟಕ್ಕೆಂದು ಅಂಟಿದರೆ ಅಲ್ಲಿಂದ ಎದ್ದುಬಿಡಿ. ಅಂಟದಿದ್ದ ಮಾತ್ರಕ್ಕೆ ಬೆಳ್ಳಿ ಎಂದೂ ಅಲ್ಲ. ತಾಮ್ರ, ಹಿತ್ತಾಳೆಯೂ ಅಂಟವು. ಬ್ರಿಟನ್ನಿನ ಶಿಲ್ಲಿಂಗ್, ಆರು ಪೆನ್ಸ್‌ಗಳಲ್ಲಿ 1920ರಿಂದ 1946ರವರೆಗೆ ಅರ್ಧ ಭಾಗ ಬೆಳ್ಳಿ. 1947ರಿಂದ ಬೆಳ್ಳಿಯೇ ಇಲ್ಲ. ಒಂದು ವರ್ಷದ ಅಂತರ ಅಷ್ಟು ದೊಡ್ಡದು.

ರಾಮ, ಸೀತೆ, ಹನುಮಂತರ ಚಿತ್ರವಿರುವ, 1818 ಎಂಬ ಇಸವಿಯ ಈಸ್ಟ್ ಇಂಡಿಯಾ ಕಂಪನಿ ಕಾಸು ಎಲ್ಲ ಸಂತೆಯಲ್ಲೂ ಎದುರಾಗುತ್ತದೆ. ಅದಕ್ಕೆ ಸಾವಿರಗಟ್ಟಲೆ ಬೆಲೆ ಹೇಳುತ್ತಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಪೂಜೆಗೆ ಇಡುವವರು ಇಟ್ಟುಕೊಳ್ಳಲಿ, ಆದರೆ ಹಳೆ ನಾಣ್ಯದ ಬೆಲೆ ಕೊಡಬೇಡಿ.

ಹೊರನಾಡಿನದರ ನಡುವೆ ನಮ್ಮದೂ ಅಡಗಿರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸಿನ ಮೇಲೆ ಕನ್ನಡ ಅಕ್ಷರದಲ್ಲಿ 'ಮಯಿಲಿ ಕಾಸು' ಎಂದಿದೆ. ಸವೆದ ತಾಮ್ರ ಎಂದು ಬದಿಗೆ ಸರಿಸುವ ಮೊದಲು ಬೆಳಕಿಗೆ ಓರೆಯಾಗಿ ಹಿಡಿದು ಒಮ್ಮೆ ಓದಿ. 1799ರವರೆಗೆ ನಮ್ಮ ಬೆಟ್ಟವೂ ಮೈಸೂರಿನ ಆಳ್ವಿಕೆಗೆ ಸೇರಿತ್ತಲ್ಲ!

ಮನೆಗೆ ತಂದ ಮೇಲೆ

ಹುಣಸೆಹಣ್ಣು, ವಿಭೂತಿ, ಪಾತ್ರೆ ಪುಡಿ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ನೀರಿನಲ್ಲಿ ತೊಳೆದು ಮೆತ್ತಗಿನ ಬಟ್ಟೆಯಲ್ಲಿ ಒತ್ತಿದರೆ ಸಾಕು. ನಮ್ಮ ಬೆಟ್ಟದ ಮಂಜಿಗೆ ತಾಮ್ರ ಹಸಿರು ಕಟ್ಟುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆಗಳೂ ನಾಣ್ಯಕ್ಕೆ ಅಂಟು ಬಿಡುತ್ತವೆ. ಕಾಗದದ ಲಕೋಟೆಯೇ ಒಳ್ಳೆಯದು. ಜೊತೆಗೆ ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಇಡಿ. ಲಕೋಟೆಯ ಮೇಲೆ ದೇಶ, ಇಸವಿ, ಎಲ್ಲಿ ಸಿಕ್ಕಿತು ಎಂದು ಬರೆಯಿರಿ.

ಕಾನೂನು ಮತ್ತು ಮೋಸ

ಹೊರದೇಶದ ನಾಣ್ಯ ಇಟ್ಟುಕೊಳ್ಳುವುದು ತಪ್ಪೇ ಎಂದು ಕೆಲವರು ಹೆದರುತ್ತಾರೆ. ತಪ್ಪಲ್ಲ. ವಿದೇಶಿ ವಿನಿಮಯ ನಿಯಮದಲ್ಲಿ ನೋಟಿಗೆ ಮಿತಿ ಇದೆ, ನಾಣ್ಯಕ್ಕೆ ಇಲ್ಲ. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅಮೆರಿಕದ ಮೊಮ್ಮಗನಿಗೆ ಉಡುಗೊರೆ ಎಂದು ಕಳಿಸುವಂತಿಲ್ಲ.

ಇನ್ನೊಂದು ಮಾತು ಬೇಸರದಿಂದ ಹೇಳುತ್ತೇವೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಫೋನ್ ಮಾಡಿದವರನ್ನು ನಂಬಿ ನಮ್ಮ ಸದಸ್ಯರೊಬ್ಬರು ಹಣ ಕಳೆದುಕೊಂಡರು. ನಾಚಿಕೆಯಿಂದ ಮನೆಯಲ್ಲೂ ಹೇಳಿರಲಿಲ್ಲ. ಹಳೆ ನಾಣ್ಯದ ಕೊಡುಕೊಳ್ಳುವಿಕೆಯಲ್ಲಿ ತಾನು ಇಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಇಷ್ಟು ನೆನಪಿದ್ದರೆ ಸಾಕು.

ಒಂದು ಚೌಕ ನಾಣ್ಯ

ಹಿಂದಿನ ಮಳೆಗಾಲದಲ್ಲಿ ಹತ್ತು ರೂಪಾಯಿ ಕೊಟ್ಟು ತಂದ ಸಿಲೋನಿನ ಐದು ಸೆಂಟನ್ನು, ಗೂಡಲೂರಿನಲ್ಲಿ ನಮ್ಮ ಸದಸ್ಯರೊಬ್ಬರ ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆವು. ತೋಟದಲ್ಲಿ ಎಲೆ ಕಿತ್ತು ನಿವೃತ್ತರಾದವರು. ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಹಡಗು ಹತ್ತುವ ದಿನ ಅವರ ಅಪ್ಪ ಇಂಥದೇ ಒಂದನ್ನು ಕೈಗೆ ಕೊಟ್ಟು, "ಅಲ್ಲಿ ಇಳಿದು ಮಿಠಾಯಿ ತಗೋ" ಎಂದಿದ್ದರಂತೆ. ಇಳಿದ ಮೇಲೆ ಅಂಗಡಿಯವನು ಅದನ್ನು ತೆಗೆದುಕೊಳ್ಳಲಿಲ್ಲ. ವರ್ಷಾನುವರ್ಷ ಡಬ್ಬದಲ್ಲಿ ಇಟ್ಟಿದ್ದರು. ಮನೆ ಬದಲಾಯಿಸುವಾಗ ಆ ಡಬ್ಬ ಹಳೆ ಹಿತ್ತಾಳೆಯ ಜೊತೆ ಗುಜರಿಗೆ, ತೂಕಕ್ಕೆ ಹೋಯಿತು. ಮಗನಿಗೆ ಗೊತ್ತಿರಲಿಲ್ಲ, ಅವರೂ ಹೇಳಿರಲಿಲ್ಲ.

ನಾಣ್ಯವನ್ನು ಅಲ್ಲೇ ಬಿಟ್ಟು ಬಂದೆವು.

ಅದಕ್ಕೇ ಬಂಧುಗಳೇ, ಸಂತೆಗೆ ಹೋಗುವ ಮೊದಲು ನಿಮ್ಮ ಮನೆಯ ಅಟ್ಟ, ಹಳೆ ಪೆಟ್ಟಿಗೆ, ಅಜ್ಜಿಯ ಎಲೆಅಡಿಕೆ ಚೀಲ ನೋಡಿ. ಗುಜರಿಯವನಿಗೆ ಏನನ್ನೇ ತೂಗಿ ಕೊಡುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಒಮ್ಮೆ ಕೇಳಿ. ಮುಂದಿನ ಸಭೆಗೆ ಬರುವಾಗ ಡಬ್ಬವನ್ನೂ ಹಿರಿಯರನ್ನೂ ಜೊತೆಗೆ ಕರೆತನ್ನಿ. ಕಾಫಿ ನಮ್ಮದು, ಕಥೆ ನಿಮ್ಮದು.